ಕಲ್ಲು ಬಿದ್ದ ದಿನದಿಂದ ಸ್ತೋತ್ರ ಹಾಡಲು ಬಾಯಿ ಬರುತ್ತಿಲ್ಲ, ನನ್ನ ವಿಶ್ವಾಸ ಕುಂದಿತೇ?

ಪ್ರಶ್ನೆ: ನಾನು ಮಲೆನಾಡಿನ ಸಣ್ಣ ಊರೊಂದರಲ್ಲಿ ಶಿಕ್ಷಕಿ. ನಮ್ಮದು ಅರವತ್ತು ಜನರ ಸಭೆ. ಮೂರು ವಾರದ ಹಿಂದೆ ಭಾನುವಾರದ ಆರಾಧನೆ ನಡೆಯುತ್ತಿದ್ದಾಗ ಬೈಕುಗಳಲ್ಲಿ ಬಂದ ಹುಡುಗರು ಪ್ರಾರ್ಥನಾ ಮಂದಿರಕ್ಕೆ ಕಲ್ಲು ತೂರಿದರು. ಕಿಟಕಿ ಗಾಜು ಒಡೆದವು, ಒಬ್ಬ ಅಜ್ಜಿಯ ಹಣೆಗೆ ಪೆಟ್ಟಾಯಿತು. ಪಕ್ಕದ ಮನೆಯ ಅಕ್ಕ, ಅವರು ಹಿಂದೂಗಳು, ಮಕ್ಕಳನ್ನೆಲ್ಲ ಹಿತ್ತಿಲ ಬಾಗಿಲಿಂದ ಒಳಗೆ ಕರೆದುಕೊಂಡು ಕದ ಹಾಕಿದರು. ಅಂದಿನಿಂದ ಬೈಕಿನ ಸದ್ದು ಕೇಳಿದರೆ ನನ್ನ ಕೈಕಾಲು ನಡುಗುತ್ತವೆ. ರಾತ್ರಿ ನಿದ್ದೆ ಇಲ್ಲ. ಸಭೆಯಲ್ಲಿ ಸ್ತೋತ್ರ ಹಾಡಲು ಬಾಯಿ ಬರುವುದಿಲ್ಲ. ಪಾಸ್ಟರ್ ಅವರು ‘ಕ್ಷಮಿಸಬೇಕು, ಪೊಲೀಸರ ಹತ್ತಿರ ಹೋಗುವುದು ಬೇಡ’ ಎನ್ನುತ್ತಾರೆ. ಒಬ್ಬ ಹಿರಿಯರು ಇದು ಸಭೆಯ ಪಾಪಕ್ಕೆ ಬಂದ ಶಿಕ್ಷೆ ಎಂದರೆ, ಇನ್ನೊಬ್ಬರು ಕಡೇ ದಿನಗಳ ಗುರುತು ಎನ್ನುತ್ತಾರೆ. ನಮ್ಮೆಜಮಾನರು ಇನ್ನು ಮೇಲೆ ಮನೆಯಲ್ಲೇ ಯೂಟ್ಯೂಬ್ ನೋಡಿ ಪ್ರಾರ್ಥಿಸೋಣ ಅನ್ನುತ್ತಾರೆ. ಪಿಯುಸಿ ಓದುವ ಮಗ ‘ಕ್ಷಮೆ ಗಿಮೆ ಹೇಡಿಗಳ ಮಾತು’ ಎಂದು ಸಿಡುಕುತ್ತಾನೆ, ಆ ದಿನದ ವಿಡಿಯೊವನ್ನು ಎಲ್ಲರಿಗೂ ಕಳಿಸುತ್ತಿದ್ದಾನೆ. ಪಕ್ಕದ ಮನೆಯ ಅಕ್ಕನ ಮುಖ ನೋಡಲೂ ನನಗೆ ಏಕೋ ಆಗುತ್ತಿಲ್ಲ. ನನ್ನ ವಿಶ್ವಾಸ ಇಷ್ಟು ಬಡವಾಗಿತ್ತೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಎಲ್ಲದರ ಬುಡದಲ್ಲಿ ಇರುವುದು ಒಂದೇ ಅಳುಕು: ಹೆದರಿದೆ, ಸಿಟ್ಟು ಬಂತು, ಹಾಡಲು ಆಗಲಿಲ್ಲ, ಹಾಗಾಗಿ ದೇವರಿಂದ ದೂರವಾದೆನೇನೋ ಎಂಬುದು. ದೈವಶಾಸ್ತ್ರ ಕಲಿಸುತ್ತ, ಇಂಥ ಘಟನೆ ಕಂಡ ಸಭೆಗಳಲ್ಲಿ ಆಪ್ತಸಮಾಲೋಚನೆ ಮಾಡುತ್ತ ಬಂದ ನಾನು ಈ ಅಳುಕನ್ನು ಬಹಳ ಮಂದಿಯಲ್ಲಿ ನೋಡಿದ್ದೇನೆ. ಅದಕ್ಕೇ ಮೊದಲು ಉತ್ತರಿಸುತ್ತೇನೆ. ನೀವು ದೂರವಾಗಿಲ್ಲ.

ನಡುಕದ ವಿಷಯ ತೆಗೆದುಕೊಳ್ಳಿ. ಜೀವಕ್ಕೆ ಅಪಾಯ ಬಂದ ಹೊತ್ತಿನ ಸದ್ದು, ವಾಸನೆ, ಬೆಳಕುಗಳನ್ನು ಮಿದುಳು ಅಪಾಯದ ಜೊತೆಗೇ ಕಟ್ಟಿಟ್ಟುಕೊಳ್ಳುತ್ತದೆ. ಮುಂದೆ ಆ ಸದ್ದು ಮಾತ್ರ ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ, ನೀವು ಯೋಚಿಸುವ ಮೊದಲೇ ಕೈ ನಡುಗುತ್ತದೆ. ಇದರಲ್ಲಿ ವಿಶ್ವಾಸದ ಪಾತ್ರವಿಲ್ಲ. ಪಾಸ್ಟರ್ ಆದರೂ ಪೈಲ್ವಾನನಾದರೂ ದೇಹ ಹೀಗೇ ನಡೆದುಕೊಳ್ಳುತ್ತದೆ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದ ಮೇಲೂ ನಿದ್ದೆ ಬಾರದಿದ್ದರೆ, ಕಲ್ಲು ಬೀಳುವ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬಂದರೆ, ಶಾಲೆಗೆ ಹೋಗುವುದೇ ಕಷ್ಟವಾದರೆ, ಮನೋವೈದ್ಯರನ್ನು ನೋಡಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತೇ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ‘ಉಪವಾಸ ಪ್ರಾರ್ಥನೆ ಮಾಡಿದರೆ ಸಾಕು, ವೈದ್ಯರೇಕೆ’ ಎಂದು ಯಾರಾದರೂ ತಡೆದರೆ ಸತ್ಯವೇದದ (ಬೈಬಲ್) ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯ ತೆರೆದು ತೋರಿಸಿ. ಜೀವಭಯದಿಂದ ಓಡಿಹೋದ ಎಲೀಯ ಪ್ರವಾದಿ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಅವನಿಗೆ ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮಲಗುತ್ತಾನೆ, ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ದೇವರ ಜೊತೆ ಮಾತುಕತೆ ನಡೆಯುವುದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಇನ್ನೊಂದು ಎಚ್ಚರಿಕೆ. ಇಂಥ ಘಟನೆಯ ನಂತರ ಪೆಟ್ಟು ತಿಂದವರನ್ನು ಸಭೆಯ ಮುಂದೆ ನಿಲ್ಲಿಸಿ ‘ಕರ್ತನು ಹೇಗೆ ಕಾಪಾಡಿದನು, ಸಾಕ್ಷಿ ಹೇಳಿ’ ಎನ್ನುವ ರೂಢಿ ನಮ್ಮಲ್ಲಿದೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಗಾಯ ಹಸಿಯಾಗಿರುವಾಗ ಎಲ್ಲವನ್ನೂ ಒತ್ತಾಯದಿಂದ ಹೇಳಿಸುವುದು ಗುಣಕ್ಕಿಂತ ಕೆಡುಕನ್ನೇ ಮಾಡಬಹುದು. ಆ ಅಜ್ಜಿಗೂ ಮಕ್ಕಳಿಗೂ ಈ ಒತ್ತಡ ಬರದಂತೆ ನೋಡಿಕೊಳ್ಳಿ. ಅವರಾಗಿ ಹೇಳಿದರೆ ಕೇಳಿ, ಅಷ್ಟೇ.

ಈಗ ಸ್ತೋತ್ರದ ಮಾತು. ನಮ್ಮ ಸಭೆಗಳು ಕಲಿಯಬೇಕಾದದ್ದು ಬಹಳ ಇರುವುದು ಇಲ್ಲೇ ಎಂದು ನನ್ನ ಖಚಿತ ಅಭಿಪ್ರಾಯ. ಏನೇ ಆದರೂ ತಕ್ಷಣ ‘ಕರ್ತನಿಗೆ ಸ್ತೋತ್ರ’ ಎನ್ನಬೇಕು, ಅಳು ತೋರಿಸಿದರೆ ಅವಿಶ್ವಾಸ ಎಂಬ ನಂಬಿಕೆ ಬೇರೂರಿದೆ. ಸತ್ಯವೇದ ಹಾಗೆ ಹೇಳುವುದಿಲ್ಲ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗೋಳಾಟ, ದೂರು, ಮೊರೆ. 13ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಆರೇ ವಚನ. ಮೊದಲ ಎರಡರಲ್ಲೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ ಮತ್ತೆ ಮತ್ತೆ ಬಡಿಯುತ್ತದೆ: ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಎಷ್ಟರವರೆಗೆ ಮುಖ ಮರೆಮಾಡಿಕೊಂಡಿರುತ್ತೀ, ವೈರಿ ನನ್ನ ಮೇಲೆ ಮೆರೆಯುವುದು ಎಷ್ಟರವರೆಗೆ. ಭರವಸೆಯ ಮಾತು ಬರುವುದು ಐದನೆಯ ವಚನದಲ್ಲಿ. ಅಷ್ಟು ಹೊತ್ತು ಕವಿ ದೇವರನ್ನೇ ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಾನೆ.

88ನೇ ಕೀರ್ತನೆಯಲ್ಲಂತೂ ಆ ತಿರುವೂ ಇಲ್ಲ. ಹದಿನೆಂಟು ವಚನ ಮೊರೆಯಿಟ್ಟು ಕತ್ತಲೆಯಲ್ಲೇ ಮುಗಿಯುತ್ತದೆ. ಸಂಗ್ರಹಿಸಿದವರು ಅದಕ್ಕೆ ಒಂದು ಸಮಾಧಾನದ ಸಾಲು ಸೇರಿಸಿ ತಿದ್ದಲಿಲ್ಲ, ಬಿಸಾಡಲೂ ಇಲ್ಲ. ದೇವರ ಜನರು ಹಾಡಬೇಕಾದ ಹಾಡು ಎಂದೇ ಇಟ್ಟುಕೊಂಡರು. ಹಾಗೆಯೇ ಯೋಬನ ಪುಸ್ತಕದ ಕೊನೆಯಲ್ಲಿ (42:7) ದೇವರು ಕೋಪಗೊಳ್ಳುವುದು ದೇವರ ಪರವಾಗಿ ವಕಾಲತ್ತು ಮಾಡಿದ ಗೆಳೆಯರ ಮೇಲೆ. ಕಷ್ಟಕ್ಕೆ ಸಿಕ್ಕಿ ದೇವರೊಡನೆಯೇ ಜಗಳವಾಡಿದ ಯೋಬನ ಮಾತು ಸರಿಯಾಗಿತ್ತು ಎನ್ನುತ್ತಾನೆ.

ಹಾಡಲು ಬಾಯಿ ಬರದಿದ್ದರೆ ಹಾಡಬೇಡಿ. ಕೂತಿರಿ. ಬೇರೆಯವರು ಹಾಡಲಿ. ಮನೆಯಲ್ಲಿ 13 ಅಥವಾ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ನಿಮ್ಮ ಮಾತೇ ಎನ್ನುವ ಹಾಗೆ. ಸಾಧ್ಯವಾದರೆ ನಿಮ್ಮ ಪಾಸ್ಟರ್ ಅವರಿಗೆ ಒಂದು ಮಾತು ಹೇಳಿ: ಮುಂದಿನ ಭಾನುವಾರ ಸ್ತೋತ್ರಗೀತೆಗಳಿಗೆ ಮೊದಲು ಒಂದು ಮೊರೆಯ ಕೀರ್ತನೆಯನ್ನು ಇಡೀ ಸಭೆ ಸೇರಿ ಓದಲಿ. ಒಳಗೆ ಅಳುತ್ತ ಹೊರಗೆ ಹಾಡುತ್ತಿರುವವರು ನೀವೊಬ್ಬರೇ ಅಲ್ಲ ಎಂದು ಅಲ್ಲಿ ಗೊತ್ತಾದೀತು.

ಪಾಪದ ಶಿಕ್ಷೆ ಎಂಬ ಮಾತಿಗೆ ಯೇಸುವೇ ನೇರ ಉತ್ತರ ಕೊಟ್ಟಿದ್ದಾನೆ, ಲೂಕ 13ರಲ್ಲಿ. ರೋಮನ್ ಅಧಿಪತಿ ಪಿಲಾತನು ಆರಾಧನೆಯ ಹೊತ್ತಿನಲ್ಲೇ ಕೊಲ್ಲಿಸಿದ ಗಲಿಲಾಯದವರು, ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ, ಇವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ? ಅಲ್ಲ ಎನ್ನುತ್ತಾನೆ. ಎಲ್ಲರಿಗೂ ಮಾನಸಾಂತರ (ಪಶ್ಚಾತ್ತಾಪಪಟ್ಟು ದೇವರ ಕಡೆಗೆ ತಿರುಗುವುದು) ಬೇಕು ಎಂದೂ ಹೇಳುತ್ತಾನೆ, ನಿಜ. ಆದರೆ ಸತ್ತವರ ಲೆಕ್ಕ ಹಾಕಿ ಪಾಪದ ತೂಕ ಹೇಳಲು ಒಪ್ಪುವುದಿಲ್ಲ. ಹಣೆಗೆ ಪೆಟ್ಟು ತಿಂದ ಅಜ್ಜಿಯ ಕಿವಿಗೆ ಆ ಹಿರಿಯರ ಮಾತು ಬೀಳದಿರಲಿ.

ಕಡೇ ದಿನಗಳ ವಿಷಯ. ಮತ್ತಾಯ 24ರಲ್ಲಿ ಯುದ್ಧಗಳ ಸುದ್ದಿ ಕೇಳುವಿರಿ ಎಂದ ತಕ್ಷಣ ಯೇಸು ಹೇಳುವುದು ಕಳವಳಪಡಬೇಡಿ ಎಂದು, ಇದು ಇನ್ನೂ ಅಂತ್ಯವಲ್ಲ ಎಂದು. ಆ ದಿನ ಯಾರಿಗೂ ತಿಳಿಯದು ಎಂಬುದೂ ಅದೇ ಅಧ್ಯಾಯದಲ್ಲಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬವರ ಲೆಕ್ಕ ನಂಬಿ ಸಾವಿರಾರು ವಿಶ್ವಾಸಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನ ಬರೋಣಕ್ಕಾಗಿ ಕಾದು ಕೂತಿದ್ದರು. ಮರುದಿನ ಬೆಳಗಾದಾಗ ಎಷ್ಟೋ ಜನರ ವಿಶ್ವಾಸವೇ ಒಡೆಯಿತು. ನನಗೆ ಇದಕ್ಕಿಂತ ದೊಡ್ಡ ಆತಂಕ ಬೇರೆ ಇದೆ. ಎಲ್ಲವೂ ಗುರುತು ಎಂದುಬಿಟ್ಟರೆ ಕಲ್ಲು ತೂರಿದವರ ಹೊಣೆಯೂ ಇಲ್ಲ, ತಡೆಯಬೇಕಾದವರ ಹೊಣೆಯೂ ಇಲ್ಲ, ಒಡೆದ ಗಾಜು ಹಾಕಿಸುವ ನಮ್ಮ ಹೊಣೆಯೂ ಇಲ್ಲ.

ಕ್ಷಮಿಸುವವರು ದೂರು ಕೊಡಬಾರದೇ? ನಿಮ್ಮ ಪಾಸ್ಟರ್ ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಹಗೆ ಬೆಳೆಯಬಾರದು, ಸಭೆಯ ಬಡಜನರು ಕೋರ್ಟು ಕಚೇರಿ ಅಲೆಯಬಾರದು ಎಂಬ ಕಾಳಜಿ ಅವರದು. ಆದರೆ ಕ್ಷಮೆಯನ್ನೂ ದೂರನ್ನೂ ಒಂದಕ್ಕೊಂದು ವೈರಿ ಮಾಡಿದ್ದು ಸರಿಯಲ್ಲ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಕೊನೆಯಲ್ಲಿ ಅಪೊಸ್ತಲ ಪೌಲ, ನೀವೇ ಮುಯ್ಯಿ ತೀರಿಸಬೇಡಿ ಎನ್ನುತ್ತಾನೆ. ಕೆಲವೇ ಸಾಲು ಮುಂದೆ ಹೋದರೆ, ಕೆಟ್ಟದ್ದು ಮಾಡಿದವನನ್ನು ದಂಡಿಸಲು ಅಧಿಕಾರಿಯನ್ನು ದೇವರು ಇಟ್ಟಿದ್ದಾನೆ ಎನ್ನುತ್ತಾನೆ. ನಮ್ಮ ಪುಸ್ತಕದಲ್ಲಿ ನಡುವೆ 13ನೇ ಅಧ್ಯಾಯದ ಗೆರೆ ಬಂದಿರುವುದರಿಂದ ಎರಡನ್ನೂ ಬೇರೆ ಬೇರೆ ಭಾನುವಾರ ಓದುತ್ತೇವೆ. ಆ ಅಧ್ಯಾಯಗಳ ವಿಭಾಗ ಆಗಿದ್ದು 13ನೇ ಶತಮಾನದಲ್ಲಿ. ಪೌಲನ ಪತ್ರದಲ್ಲಿ ಅದು ಒಂದೇ ಉಸಿರಿನ ಮಾತು. ಕಲ್ಲಿಗೆ ಕಲ್ಲು ಎತ್ತದೆ ಕಾನೂನಿನ ಕೈಗೆ ಒಪ್ಪಿಸುವುದೂ ಮುಯ್ಯಿ ಬಿಟ್ಟುಕೊಡುವ ದಾರಿಯೇ.

ಪೌಲನ ನಡೆಯನ್ನೂ ನೋಡಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿ ಪಟ್ಟಣದ ಅಧಿಕಾರಿಗಳು ವಿಚಾರಣೆ ಇಲ್ಲದೆ ಅವನಿಗೂ ಜೊತೆಗಾರ ಸೀಲನಿಗೂ ಛಡಿಯಿಂದ ಹೊಡೆಸಿ ಸೆರೆಯಲ್ಲಿ ಹಾಕಿಸುತ್ತಾರೆ. ರಾತ್ರಿ ಅವರು ಕೀರ್ತನೆ ಹಾಡಿದ್ದನ್ನು ನಾವು ನೂರು ಸಲ ಕೇಳಿದ್ದೇವೆ. ಬೆಳಗ್ಗೆ ಆದದ್ದನ್ನು ಕೇಳಿದ್ದು ಕಡಿಮೆ. ‘ಸದ್ದಿಲ್ಲದೆ ಹೋಗಿ’ ಎಂದು ಅಧಿಕಾರಿಗಳು ಆಳು ಕಳಿಸಿದಾಗ ಪೌಲ ಹೋಗಲು ಒಪ್ಪುವುದಿಲ್ಲ. ನಾವು ರೋಮಿನ ಪ್ರಜೆಗಳು, ಬಹಿರಂಗವಾಗಿ ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತೀರಾ, ಅವರೇ ಬಂದು ಕರೆದುಕೊಂಡು ಹೋಗಲಿ ಎನ್ನುತ್ತಾನೆ. ಅವರು ಬಂದು ಬೇಡಿಕೊಳ್ಳಬೇಕಾಯಿತು. ಇದು ಅವನ ಸ್ವಂತ ಮಾನದ ಪ್ರಶ್ನೆ ಎಂದು ನನಗನ್ನಿಸುವುದಿಲ್ಲ. ಅವನು ಮುಂದಿನ ಊರಿಗೆ ಹೋಗುವವನು. ಲುದ್ಯ ಎಂಬಾಕೆಯ ಮನೆಯಲ್ಲಿ ಆಗತಾನೇ ಹುಟ್ಟಿದ ಪುಟ್ಟ ಸಭೆ ಅದೇ ಊರಿನಲ್ಲಿ ಬಾಳಬೇಕು. ಅದರ ಮೇಲೆ ಅಪರಾಧಿಗಳ ಕೂಟ ಎಂಬ ಕಳಂಕ ಉಳಿಯಬಾರದು. ನಿಮ್ಮ ಅರವತ್ತು ಜನರ ಸಭೆಯ ಸ್ಥಿತಿಯೂ ಅದೇ ಅಲ್ಲವೇ?

ನಮ್ಮ ದೇಶದ ಉದಾಹರಣೆ ಬೇಕಿದ್ದರೆ ಗ್ಲಾಡಿಸ್ ಸ್ಟೇನ್ಸ್ ಅವರದಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಅವರನ್ನೂ ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಕ್ಷಮಿಸಿದ್ದೇನೆ ಎಂದು ಆ ತಾಯಿ ಬಹಿರಂಗವಾಗಿ ಹೇಳಿದರು, ಬಾರಿಪದದ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅದರಿಂದ ಮೊಕದ್ದಮೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆ ಆಕೆಯದು, ತೀರ್ಪು ನ್ಯಾಯಾಲಯದ್ದು. ಎರಡೂ ತಮ್ಮ ತಮ್ಮ ಜಾಗದಲ್ಲಿ ನಡೆದವು. ಇನ್ನೊಂದು ಮಾತು: ಆ ಹುಡುಗರನ್ನು ನೀವು ಇವತ್ತೇ ಕ್ಷಮಿಸಿಬಿಡಬೇಕು ಎಂದು ಯಾರೂ ಗಡುವು ಹಾಕಲಾರರು. ಕ್ಷಮಿಸುವ ಮನಸ್ಸು ಕೊಡು ಎಂದು ಬೇಡಿಕೊಳ್ಳುವುದಷ್ಟೇ ಸದ್ಯಕ್ಕೆ ಆದರೆ, ಸದ್ಯಕ್ಕೆ ಅಷ್ಟೇ.

ದೂರಿನ ವ್ಯವಹಾರಕ್ಕೆ ಬರೋಣ. ಪೂಜಾಸ್ಥಳಕ್ಕೆ ಅವಮಾನದ ಉದ್ದೇಶದಿಂದ ಹಾನಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 298ನೇ ಕಲಂ, ನಡೆಯುತ್ತಿರುವ ಆರಾಧನೆಗೆ ಅಡ್ಡಿ ಮಾಡುವುದು 300ನೇ ಕಲಂ ಪ್ರಕಾರ ಅಪರಾಧ. ಮೂರು ವಾರವಾಯಿತಲ್ಲ ಎಂದು ಕೈಬಿಡಬೇಡಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ದೂರು ಬಿದ್ದುಹೋಗುವುದಿಲ್ಲ. ಯಾಕೆ ತಡವಾಯಿತು ಎಂದು ಅದರಲ್ಲೇ ಬರೆಯಿರಿ. ಅಜ್ಜಿಗೆ ಚಿಕಿತ್ಸೆ ಕೊಡಿಸಿದ ಚೀಟಿ, ಗಾಜಿನ ಫೋಟೊ, ಬಿದ್ದ ಕಲ್ಲುಗಳು, ರಿಪೇರಿಯ ಬಿಲ್ಲು ಎಲ್ಲ ತೆಗೆದಿಡಿ. ಕಣ್ಣಾರೆ ಕಂಡವರ ಹೆಸರನ್ನು ಮಾತ್ರ ಬರೆಯಿರಿ, ಊಹೆಯ ಹೆಸರು ಒಂದೂ ಬೇಡ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿ. ದೂರನ್ನು ಸಭೆಯ ಹೆಸರಿನಲ್ಲಿ ಇಬ್ಬರು ಮೂವರು ಸೇರಿ ಕೊಡುವುದು ಒಳ್ಳೆಯದು, ಒಬ್ಬರ ಮೇಲೇ ಭಾರ ಬೀಳಬಾರದು.

ಇದರಲ್ಲಿ ಅಪಾಯವಿಲ್ಲ ಎನ್ನುವುದಿಲ್ಲ. ದೂರು ಕೊಟ್ಟ ಬೆನ್ನಿಗೇ ಬಲವಂತದ ಮತಾಂತರ ಎಂದು ಪ್ರತಿದೂರು ಬರುವುದು ಸಾಮಾನ್ಯ. ಹಾಗಾಗಿ ಮೊದಲೇ ವಕೀಲರನ್ನು ಕಂಡಿರಿ, ಮಂದಿರದ ಜಾಗದ ಕಾಗದಪತ್ರ, ಧ್ವನಿವರ್ಧಕ ಬಳಸುತ್ತಿದ್ದರೆ ಅದರ ಪರವಾನಗಿ ಸರಿ ಇದೆಯೇ ನೋಡಿಕೊಳ್ಳಿ. ಠಾಣೆಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಶಾಂತಿ ಸಭೆ ಕರೆದರೆ ಹೋಗಿ, ಗೌರವದಿಂದ ಮಾತಾಡಿ. ಆದರೆ ‘ಇನ್ನು ಮುಂದೆ ಇಲ್ಲಿ ಪ್ರಾರ್ಥನೆ ನಡೆಸುವುದಿಲ್ಲ’ ಎಂಬ ಮುಚ್ಚಳಿಕೆ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ವಕೀಲರಿಗೆ ತೋರಿಸಿ ಬರುತ್ತೇವೆ ಎನ್ನಿ. ಗಲಾಟೆ ತಣಿಯಲಿ ಎಂದು ಅವಸರದಲ್ಲಿ ಬರೆದುಕೊಟ್ಟ ಅರ್ಧ ಹಾಳೆ ವರ್ಷಗಟ್ಟಲೆ ಸಭೆಯ ಕೈಕಟ್ಟುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯಲ್ಲಿ ಆರಾಧಿಸುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಅದು ಯಾರ ದಾಕ್ಷಿಣ್ಯವೂ ಅಲ್ಲ.

ದೂರು ಕೊಟ್ಟರೆ ಬೇಗ ನ್ಯಾಯ ಸಿಕ್ಕೇಬಿಡುತ್ತದೆ ಎಂದೂ ಭರವಸೆ ಕೊಡಲಾರೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಅಡೋರೇಷನ್ ಮಾನೆಸ್ಟರಿ ಮತ್ತು ಕರಾವಳಿ, ಮಲೆನಾಡಿನ ಹಲವು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು. ಅಂತಿಮ ವರದಿ ಬಂದದ್ದು 2011ರ ಜನವರಿಯಲ್ಲಿ. ಅದರ ನಿರ್ಣಯಗಳಿಂದ ನೊಂದ ಕ್ರೈಸ್ತರು ಬಹಳ. ಆದರೂ ನಡೆದದ್ದು ನಡೆದೇ ಇಲ್ಲ ಎಂದು ಇವತ್ತು ಯಾರೂ ಹೇಳಲಾಗದಂತೆ ಕಾಗದದ ಮೇಲೆ ಉಳಿದಿದೆಯಲ್ಲ, ಅದು ಅಂದು ಧೈರ್ಯ ಮಾಡಿ ಹೇಳಿಕೆ ಕೊಟ್ಟ ಸಾಮಾನ್ಯ ಜನರಿಂದ.

ನಿಮ್ಮ ಯಜಮಾನರು ಹೇಳಿದ್ದನ್ನು ಹೇಡಿತನ ಎನ್ನಬೇಡಿ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿ ಎಂದವನು ಯೇಸುವೇ. ಪೌಲನನ್ನು ದಮಸ್ಕದ ಗೋಡೆಯಿಂದ ಹೆಡಿಗೆಯಲ್ಲಿ ಕೂರಿಸಿ ಇಳಿಸಿದ್ದು ಅವನ ಗೆಳೆಯರೇ. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಊರು ಬಿಡುವುದು ಪಾಪವೇ ಎಂಬ ಪ್ರಶ್ನೆಗೆ ಮಾರ್ಟಿನ್ ಲೂಥರ್ ಬರೆದ ಉತ್ತರ ನನಗೆ ಈಗಲೂ ದಾರಿ ತೋರುತ್ತದೆ. ಬೋಧಕರು, ಅಧಿಕಾರಿಗಳು, ಇನ್ನೊಬ್ಬರ ಆರೈಕೆಯ ಹೊಣೆ ಹೊತ್ತವರು ಹಾಗೇ ಬಿಟ್ಟು ಹೋಗಬಾರದು, ತಮ್ಮನ್ನು ನಂಬಿದವರಿಗೆ ವ್ಯವಸ್ಥೆ ಇದ್ದರೆ ಉಳಿದವರು ಹೋಗಬಹುದು ಎನ್ನುತ್ತಾರೆ ಅವರು. ಸ್ವತಃ ಅಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡರು. ಕೆಲವು ವಾರ ಎರಡು ಮೂರು ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಸೇರಿ. ಆದರೆ ಒಬ್ಬೊಬ್ಬರೇ ಯೂಟ್ಯೂಬ್ ಮುಂದೆ ಕೂರುವುದನ್ನು ನಾನು ಒಪ್ಪುವುದಿಲ್ಲ. ಭಯ ಒಂಟಿಯಾಗಿದ್ದಷ್ಟೂ ಬಲಿಯುತ್ತದೆ. ಪೆಟ್ಟು ತಿಂದ ಆ ಅಜ್ಜಿಯಂಥವರಿಗೆ ಭಾನುವಾರ ಬಂದು ಮಾತಾಡಿಸುವವರೇ ಇಲ್ಲದಂತಾಗುತ್ತದೆ. ಮಂದಿರಕ್ಕೆ ಮರಳುವ ದಿನವನ್ನೂ ಈಗಲೇ ಗೊತ್ತುಮಾಡಿ.

ಮಗನ ಸಿಟ್ಟು ಕೆಟ್ಟದ್ದಲ್ಲ. ತನ್ನವರಿಗೆ ಅನ್ಯಾಯವಾದಾಗ ಸಿಟ್ಟೇ ಬಾರದ ಹುಡುಗನ ಬಗ್ಗೆ ನನಗೆ ಹೆಚ್ಚು ಚಿಂತೆಯಾಗುತ್ತಿತ್ತು. 137ನೇ ಕೀರ್ತನೆಯನ್ನು ಕೊನೆಯ ವಚನದವರೆಗೆ ಅವನ ಜೊತೆ ಓದಿ. ಕಿವಿ ಮುಚ್ಚಿಕೊಳ್ಳುವಂಥ ಮಾತು ಅಲ್ಲಿದೆ, ಮತ್ತು ಅದನ್ನು ಹೇಳಿದ್ದು ದೇವರ ಮುಂದೆ. ಅಲ್ಲಿ ಹೇಳಬಹುದಾದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಹೇಳಬಾರದು ಎಂಬುದನ್ನು ಮಾತ್ರ ಖಂಡಿತವಾಗಿ ತಿಳಿಸಿ. ವಿಡಿಯೊದ ಜೊತೆ ಅವನು ಒಂದು ಸಮುದಾಯವನ್ನೇ ಬೈದು ಬರೆದರೆ ದ್ವೇಷ ಹರಡಿದ ಆರೋಪ, ನ್ಯಾಯ ಸಂಹಿತೆಯ 196ನೇ ಕಲಂ, ಅವನ ಮೇಲೇ ಬರಬಹುದು. ಅಲ್ಲದೆ ಆ ವಿಡಿಯೊ ನಿಮ್ಮ ಸಾಕ್ಷ್ಯ. ಕತ್ತರಿಸದೆ, ಹಾಡು ಸೇರಿಸದೆ, ತೆಗೆದ ಫೋನಿನಲ್ಲೇ ಮೂಲ ಪ್ರತಿ ಇರಲಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಕೊಡುತ್ತಾರೆ. ಫೋಟೊಗಳನ್ನು ದಿನಾಂಕದ ಪ್ರಕಾರ ಜೋಡಿಸುವುದು, ನಷ್ಟದ ಪಟ್ಟಿ ಬರೆಯುವುದು, ಗಾಜು ಹಾಕಿಸಲು ಓಡಾಡುವುದು, ಈ ಕೆಲಸಗಳನ್ನು ಅವನ ಕೈಗೇ ಕೊಡಿ. ಕ್ಷಮೆಯ ಪಾಠ ಆಮೇಲೆ.

ಪಕ್ಕದ ಮನೆಯ ಅಕ್ಕನ ಮುಖ ನೋಡಲಾಗದಿರುವುದಕ್ಕೆ ನಾಚಿಕೆ ಕಾರಣವಿರಬಹುದು. ಅವರ ಎದುರು ನಾವು ದಿಕ್ಕಿಲ್ಲದವರ ಹಾಗೆ ನಿಂತೆವಲ್ಲ ಎಂದು. ಇಲ್ಲವೇ ‘ಅವರವರೇ’ ಎಂಬ ಅನುಮಾನ ನಿಮಗೆ ಬೇಡವಾದರೂ ಒಳಗೆ ಹೊಕ್ಕಿರಬಹುದು. ಎರಡೂ ಇಂಥ ಹೊತ್ತಲ್ಲಿ ಬರುತ್ತವೆ. ಕಲ್ಲು ತೂರಿದವರಿಗೆ ಬೇಕಿದ್ದದ್ದು ನಿಮ್ಮಿಬ್ಬರ ಮನೆಗಳ ನಡುವೆ ಇದೇ ಮೌನ. ಈ ವಾರವೇ ಹೋಗಿ, ಮಕ್ಕಳನ್ನು ಉಳಿಸಿದಿರಿ ಎಂದು ಬಾಯಿಬಿಟ್ಟು ಹೇಳಿ. ಕದ ಹಾಕಿಕೊಂಡ ಆ ಹೊತ್ತು ಅವರಿಗೂ ಭಯವಾಗಿತ್ತು, ಅಂದಿನಿಂದ ಅವರನ್ನೂ ಯಾರೋ ಏನೋ ಅಂದಿರಬಹುದು, ಕೇಳಿ ತಿಳಿದುಕೊಳ್ಳಿ. ದೂರಿನಲ್ಲಿ ಸಾಕ್ಷಿ ಎಂದು ಅವರ ಹೆಸರು ಬರೆಯುವ ಯೋಚನೆಯಿದ್ದರೆ ಮೊದಲು ಅವರನ್ನು, ಅವರ ಮನೆಯವರನ್ನು ಕೇಳಿ. ಬೇಡ ಎಂದರೆ ಒತ್ತಾಯಿಸಬೇಡಿ, ಬೇರೆ ಸಾಕ್ಷಿಗಳನ್ನು ಹುಡುಕಿ.